ಗ್ಯಾರೇಜ್, ಅದರೊಳಗೊಂದು ಕಾರ್ಯಾಗಾರ, ಅದಕ್ಕೊಪ್ಪುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ನಿಲ್ಲಿಸಲು ಗ್ಯಾರೇಜ್, ಅದೇ ಸೂರಿನಡಿ ಮರಗೆಲಸಕ್ಕೋ ರಿಪೇರಿಗೋ ಒಂದು ಕಾರ್ಯಾಗಾರ, ಗೇಟಿನಿಂದ ಅಲ್ಲಿಯವರೆಗೆ ಒಂದು ದಾರಿ. ಇದನ್ನು ಕಟ್ಟಿಸಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಇಂಥದ್ದೊಂದನ್ನು ನಾನು ಕಟ್ಟಿಸಿದ್ದೇನೆ, ಅದರೊಳಗೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಗೆಳೆಯರ ಕಟ್ಟಡಗಳಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ನಿಂತಿದ್ದೇನೆ. ಗ್ಯಾರೇಜ್ ಒಂದು ಕೆಲಸ, ದಾರಿ ಇನ್ನೊಂದು ಕೆಲಸ ಎಂದು ಬೇರೆಬೇರೆ ಮಾಡಬೇಡಿ. ಗೇಟಿನಿಂದ ಹಿಂಗೋಡೆಯವರೆಗೆ ಅದು ಒಂದೇ ನೆಲ. ನೀರಿಗೂ ಚಕ್ರಕ್ಕೂ ಅವೆರಡರ ನಡುವೆ ಗಡಿಯಿಲ್ಲ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹುಟ್ಟಿವೆ.

ಎಲ್ಲಕ್ಕಿಂತ ಮೊದಲು ಏನನ್ನು ನಿರ್ಧರಿಸಬೇಕು?

ಒಳನೆಲದ ಮಟ್ಟವನ್ನು. ಅಳತೆ, ಬಣ್ಣ, ಬಾಗಿಲು ಎಲ್ಲವೂ ಆಮೇಲೆ. ರಸ್ತೆಯ ಅಂಚು, ಗೇಟಿನ ಹೊಸ್ತಿಲು, ಮನೆಯ ನೆಲ, ನಿವೇಶನದ ಅತಿ ತಗ್ಗಿನ ಮೂಲೆ, ಈ ನಾಲ್ಕರ ಎತ್ತರವನ್ನು ನೀರು ತುಂಬಿದ ಪಾರದರ್ಶಕ ಕೊಳವೆಯಿಂದಲೋ ಲೇಸರ್ ಮಟ್ಟದಿಂದಲೋ ಅಳೆದು ಕಾಗದದ ಮೇಲೆ ಬರೆಯಿರಿ. ಗ್ಯಾರೇಜಿನ ನೆಲ ಸುತ್ತಲಿನ ಮಣ್ಣಿಗಿಂತ ಕನಿಷ್ಠ 150 ಮಿಲಿಮೀಟರ್ ಮೇಲಿರಲಿ. ಮನೆಗೆ ಅಂಟಿಕೊಂಡಿದ್ದರೆ ಮನೆಯ ನೆಲಕ್ಕಿಂತ ಸುಮಾರು 100 ಮಿಲಿಮೀಟರ್ ಕೆಳಗಿರಲಿ. ಚೆಲ್ಲಿದ ಪೆಟ್ರೋಲಾಗಲಿ, ನೆಲದ ಮೇಲೆ ಹರಿದಾಡುವ ಅದರ ಆವಿಯಾಗಲಿ ಮನೆಯೊಳಗೆ ಹೋಗಬಾರದು. ಈ ಎರಡು ಮಿತಿಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನವಾದರೆ ದಾರಿಯ ಇಳಿಜಾರು ತಾನಾಗಿಯೇ ಗೊತ್ತಾಗುತ್ತದೆ. ದಾರಿ ಸರಿಬರದಿದ್ದರೆ ಈ ಹಂತದಲ್ಲಿ ಕಾಗದದ ಮೇಲೆ ತಿದ್ದಬಹುದು. ಕಾಂಕ್ರೀಟ್ ಸುರಿದ ಮೇಲೆ ತಿದ್ದಲು ಸುತ್ತಿಗೆಯೇ ಬೇಕು.

ಎಷ್ಟು ದೊಡ್ಡದು ಸಾಕು?

ಸಣ್ಣ ಕಾರುಗಳು ಸುಮಾರು 4 ಮೀಟರ್ ಉದ್ದ, 1.7 ಮೀಟರ್ ಅಗಲ ಇರುತ್ತವೆ. ದೊಡ್ಡವು 4.7 ಮೀಟರ್ ಉದ್ದ ಮತ್ತು 1.9 ಮೀಟರ್ ಅಗಲದ ಆಸುಪಾಸಿನವು. ಕನ್ನಡಿಗಳು ಈ ಲೆಕ್ಕಕ್ಕೆ ಹೊರತು. ಬರೀ ಕಾರಿಗೆ 3.6 ಮೀಟರ್ ಅಗಲ, 6 ಮೀಟರ್ ಉದ್ದದ ಒಳಜಾಗ ಸಾಕಾಗುತ್ತದೆ. ಕೆಲಸವೂ ಅಲ್ಲೇ ಆಗಬೇಕೆಂದರೆ 5 ಮೀಟರ್ ಅಗಲ, 7 ಮೀಟರ್ ಉದ್ದಕ್ಕಿಂತ ಕಡಿಮೆ ಮಾಡಬೇಡಿ. ಕಾರು ಒಂದು ಬದಿಗೆ ಸರಿದು ನಿಂತರೆ ಇನ್ನೊಂದು ಬದಿಯಲ್ಲಿ ಮೇಜೂ ನಡೆದಾಡುವ ಜಾಗವೂ ಸಿಗುತ್ತದೆ. ಬಾಗಿಲು ಪೂರ್ತಿ ತೆರೆದ ಕಾರಿಗೂ ಮೇಜಿಗೂ ನಡುವೆ ಒಬ್ಬರು ಬಗ್ಗಿ ಕೆಲಸ ಮಾಡುವಷ್ಟು ಜಾಗ ಬೇಕು.

ಈ ಸಂಖ್ಯೆಗಳಿಗಿಂತ ನಾನು ಹೆಚ್ಚು ನಂಬುವ ವಿಧಾನ ಒಂದಿದೆ. ಖಾಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೋಡೆಗಳ ಒಳಗೆರೆಯನ್ನು ಎಳೆಯಿರಿ. ನಿಮ್ಮ ಕಾರನ್ನೇ ತಂದು ಒಳಗೆ ನಿಲ್ಲಿಸಿ, ನಾಲ್ಕೂ ಬಾಗಿಲು ಮತ್ತು ಡಿಕ್ಕಿ ತೆರೆಯಿರಿ. ರಟ್ಟಿನ ಪೆಟ್ಟಿಗೆಗಳನ್ನು ಮೇಜು, ಬೀರು, ಯಂತ್ರಗಳ ಜಾಗದಲ್ಲಿ ಇಡಿ. ಒಂದು ಉದ್ದನೆಯ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಒಳಗೆ ತಿರುಗಾಡಿ. ಎಲ್ಲಿ ಇಕ್ಕಟ್ಟೆಂಬುದು ಅರ್ಧ ಗಂಟೆಯಲ್ಲಿ ನಿಮ್ಮ ಮೈಗೇ ತಿಳಿಯುತ್ತದೆ.

ಎತ್ತರ?

ಸಾಮಾನ್ಯ ಕೆಲಸಕ್ಕೆ 2.7 ಮೀಟರ್ ನೆಮ್ಮದಿಯ ಎತ್ತರ. 2440 ಮಿಲಿಮೀಟರ್ ಉದ್ದದ ಪ್ಲೈವುಡ್ ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಬಹುದು. ಮುಂದೊಂದು ದಿನ ಎರಡು ಕಂಬದ ಕಾರ್ ಲಿಫ್ಟ್ ಹಾಕಿಸುವ ಆಸೆಯಿದ್ದರೆ ಸುಮಾರು 3.6 ಮೀಟರ್ ಬೇಕಾಗುತ್ತದೆ. ನಿಖರ ಅಳತೆಯನ್ನು ಆ ಲಿಫ್ಟ್ ತಯಾರಕರ ಹಾಳೆಯಲ್ಲೇ ನೋಡಿ. ಗೋಡೆಯನ್ನು ಈಗ ಎತ್ತರಿಸುವುದು ಸುಲಭ, ಮಾಡು ಹಾಕಿದ ಮೇಲೆ ಎತ್ತರಿಸುವುದು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದಂತೆಯೇ.

ಕಟ್ಟಡ ಮೊದಲೋ, ದಾರಿ ಮೊದಲೋ?

ದಾರಿಯ ತಳ ಮೊದಲು, ದಾರಿಯ ಮೇಲ್ಮೈ ಕೊನೆಗೆ. ಹಲವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಮಣ್ಣಿನ ಮೇಲ್ಪದರವನ್ನು ತೆಗೆದು, ಜಲ್ಲಿಯ ತಳವನ್ನು ಪದರಪದರವಾಗಿ ಹಾಕಿ ದಮ್ಮಸ್ಸು ಮಾಡಿ, ಅಷ್ಟಕ್ಕೇ ಬಿಡಿ. ಇಟ್ಟಿಗೆ, ಮರಳು, ಸಿಮೆಂಟು ಹೊತ್ತ ಲಾರಿಗಳೆಲ್ಲ ಅದರ ಮೇಲೆಯೇ ಓಡಾಡಲಿ. ತುಂಬಿದ ಕಾಂಕ್ರೀಟ್ ಮಿಕ್ಸರ್ ಲಾರಿ 20 ಟನ್ನಿಗೂ ಹೆಚ್ಚು ತೂಗುತ್ತದೆ. ಅದರ ಚಕ್ರದಡಿ ಎಲ್ಲಿ ನೆಲ ಕುಸಿಯುತ್ತದೋ ಅಲ್ಲಿ ಮೆತ್ತನೆಯ ಮಣ್ಣಿದೆ ಎಂದರ್ಥ. ಅಲ್ಲಿ ಅಗೆದು ಮತ್ತೆ ತುಂಬಿಸಿ. ಕಟ್ಟಡ ಮುಗಿಯುವ ಹೊತ್ತಿಗೆ ತಳ ಕುಳಿತುಕೊಳ್ಳಬೇಕಾದಷ್ಟು ಕುಳಿತಿರುತ್ತದೆ, ದೌರ್ಬಲ್ಯವೆಲ್ಲ ಹೊರಬಿದ್ದಿರುತ್ತದೆ. ಚೆಂದದ ದಾರಿಯನ್ನು ಮೊದಲೇ ಹಾಸಿ, ಅದರ ಮೇಲೆ ಲಾರಿ ಓಡಿಸಿ ಅಂಚು ಒಡೆದುಕೊಂಡವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ನೆಲದ ಕಾಂಕ್ರೀಟ್ ಎಷ್ಟು ದಪ್ಪ ಇರಬೇಕು? ಕೆಳಗೆ ಏನೇನು ಬೇಕು?

ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. ಗಟ್ಟಿ ಮಣ್ಣು ಸಿಗುವವರೆಗೆ ಮೇಲಿನ ಸಡಿಲ ಮಣ್ಣನ್ನೂ ಬೇರನ್ನೂ ತೆಗೆಯಬೇಕು. ಅದರ ಮೇಲೆ ಒಡೆದ ಜಲ್ಲಿ, ಒಟ್ಟು 150 ಮಿಲಿಮೀಟರ್. ಒಂದೇ ಸಲ ಸುರಿಯದೆ ಎರಡು ಪದರಗಳಲ್ಲಿ ಹಾಕಿ, ಪ್ರತಿಯೊಂದನ್ನೂ ತುಸು ನೀರು ಚಿಮುಕಿಸಿ ದಮ್ಮಸ್ಸು ಯಂತ್ರದಿಂದ ಬಡಿಯಬೇಕು. ಜಲ್ಲಿಯ ಚೂಪು ಪಾಲಿಥೀನ್ ಹಾಳೆಯನ್ನು ಹರಿಯದಂತೆ ತೆಳುವಾದ ಮರಳಿನ ಹಾಸು. ಅದರ ಮೇಲೆ 250 ಮೈಕ್ರಾನ್ ದಪ್ಪದ ಹಾಳೆ, ಸೇರುವೆಡೆ ಚೆನ್ನಾಗಿ ಒಂದರ ಮೇಲೊಂದು ಬಂದು ಟೇಪ್ ಹಚ್ಚಿರಬೇಕು. ನೆಲದ ತೇವ ಮೇಲೇರುವುದನ್ನು ತಡೆಯುವುದು ಈ ಹಾಳೆಯೇ. ಕಾರ್ಯಾಗಾರದಲ್ಲಿ ಹತಾರಗಳು ತುಕ್ಕು ಹಿಡಿಯುವುದಕ್ಕೂ ಮರ ಬಾಗುವುದಕ್ಕೂ ಎಷ್ಟೋ ಸಲ ಈ ಅಗ್ಗದ ಹಾಳೆ ಇಲ್ಲದಿರುವುದೇ ಕಾರಣ.

ಕಾಂಕ್ರೀಟ್ ಕಾರಿಗೆ 125 ಮಿಲಿಮೀಟರ್ ನಡೆಯುತ್ತದೆ. ಭಾರದ ಯಂತ್ರವೋ ಲಿಫ್ಟೋ ಬರುವುದಿದ್ದರೆ 150 ಮಾಡಿ. ಲಿಫ್ಟಿನ ಕಂಬ ಕೂರುವ ಜಾಗಕ್ಕೆ ತಯಾರಕರು ಇನ್ನೂ ಹೆಚ್ಚು ಕೇಳಬಹುದು. ದರ್ಜೆ ಎಂ25ಕ್ಕಿಂತ ಕೆಳಗಿಳಿಯಬೇಡಿ. 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳುವ ಕಾಂಕ್ರೀಟ್ ಎಂದು ಅದರ ಅರ್ಥ. ಬೆಸೆದ ಕಬ್ಬಿಣದ ಜಾಲರಿ ಚಪ್ಪಡಿಯ ಮೇಲಿನ ಮೂರನೇ ಒಂದು ಭಾಗದಲ್ಲಿ ಇರಬೇಕು. ಅದಕ್ಕೆ ಕೆಳಗೆ ಕುರ್ಚಿ ಎಂದು ಕರೆಯುವ ಆಸರೆಗಳನ್ನಿಟ್ಟು ನಿಲ್ಲಿಸಬೇಕು. ಜಾಲರಿಯನ್ನು ನೆಲದ ಮೇಲೆ ಹಾಸಿ, ಕಾಂಕ್ರೀಟ್ ಸುರಿಯುತ್ತಾ ಕೊಕ್ಕೆಯಿಂದ ಎಳೆದೆತ್ತುತ್ತೇವೆ ಎಂದರೆ ಒಪ್ಪಬೇಡಿ. ತುಳಿದಾಟದಲ್ಲಿ ಅದು ಮತ್ತೆ ತಳ ಸೇರುತ್ತದೆ, ಅಲ್ಲಿದ್ದು ಅದರಿಂದ ಉಪಯೋಗವಿಲ್ಲ.

5 ಮೀಟರ್ ಅಗಲ, 7 ಮೀಟರ್ ಉದ್ದ, 150 ಮಿಲಿಮೀಟರ್ ದಪ್ಪದ ನೆಲಕ್ಕೆ 5.25 ಘನ ಮೀಟರ್ ಕಾಂಕ್ರೀಟ್ ಬೇಕು. ಚೆಲ್ಲುವುದಕ್ಕೂ ತಳದ ಏರುಪೇರಿಗೂ ಇನ್ನಷ್ಟು ಸೇರಿಸಿ ತರಿಸಿ. ಅರ್ಧಕ್ಕೆ ಮುಗಿದು ಮರುದಿನ ಉಳಿದದ್ದನ್ನು ಸುರಿದರೆ ಆ ಸೇರುಗೆರೆ ಕೊನೆಯವರೆಗೂ ದುರ್ಬಲ ಜಾಗವಾಗಿಯೇ ಉಳಿಯುತ್ತದೆ.

ಮೇಸ್ತ್ರಿ ಸುಲಭವಾಗಿ ಹರಡಲೆಂದು ನೀರು ಸೇರಿಸಿದರೆ ತೊಂದರೆಯೇ?

ದೊಡ್ಡ ತೊಂದರೆ. ಸಿಮೆಂಟು ಗಟ್ಟಿಯಾಗಲು ಬೇಕಾದದ್ದಕ್ಕಿಂತ ಹೆಚ್ಚಿನ ನೀರು ಆವಿಯಾಗಿ ಹೋಗುವಾಗ ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಬಲ ಕುಗ್ಗುತ್ತದೆ, ಕುಗ್ಗುವಿಕೆಯ ಬಿರುಕು ಹೆಚ್ಚುತ್ತದೆ, ಮೇಲ್ಪದರ ಪುಡಿಯಾಗಿ ಏಳುತ್ತದೆ. ನನ್ನ ಗ್ಯಾರೇಜಿನ ಒಂದು ಮೂಲೆಯಲ್ಲಿ ಹೀಗೇ ಆಯಿತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೊನೆಯ ಭಾಗಕ್ಕೆ ಪೈಪಿನಿಂದ ನೀರು ಬಿಟ್ಟಿದ್ದರು. ಉಳಿದ ನೆಲ ಕಲ್ಲಿನಂತಿದೆ, ಆ ಮೂಲೆಯನ್ನು ಗುಡಿಸಿದಷ್ಟೂ ಬೂದಿ ಬಣ್ಣದ ಧೂಳು ಬರುತ್ತದೆ. ಹರಿಯುವ ಗುಣ ಬೇಕಿದ್ದರೆ ಅದಕ್ಕೆಂದೇ ಇರುವ ಪ್ಲಾಸ್ಟಿಸೈಜರ್ ದ್ರವವನ್ನು ಮಿಶ್ರಣಕ್ಕೆ ಸೇರಿಸುವಂತೆ ಮೊದಲೇ ಹೇಳಿ. ಕಾಂಕ್ರೀಟ್ ಸುರಿಯುವ ದಿನ ಅಲ್ಲಿಂದ ಕದಲಬೇಡಿ.

ನೀರು ಬೇಕಾಗುವುದು ಆಮೇಲೆ. ಮೇಲ್ಮೈ ಗಟ್ಟಿಯಾದ ಕೂಡಲೇ ಒದ್ದೆ ಗೋಣಿ ಹೊದಿಸಿ ಅಥವಾ ಅಂಚಿಗೆ ಬದು ಕಟ್ಟಿ ನೀರು ನಿಲ್ಲಿಸಿ, ಕನಿಷ್ಠ 7 ದಿನ ಒಣಗಲು ಬಿಡಬೇಡಿ. ಅದಕ್ಕೆ ಮೊದಲು ಕಾರು ಒಳಗೆ ತರಬೇಡಿ. ಭಾರದ ಯಂತ್ರಗಳನ್ನು ಕೂರಿಸಲು 28 ದಿನ ಕಾಯಿರಿ.

ಬಿರುಕೇ ಬಿಡದಂತೆ ಮಾಡಲು ಸಾಧ್ಯವೇ?

ಕಾಂಕ್ರೀಟ್ ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ. ನಾವು ಮಾಡಬಹುದಾದದ್ದು ಎಲ್ಲಿ ಸೀಳಬೇಕೆಂದು ಅದಕ್ಕೆ ಹೇಳಿಕೊಡುವುದು. ಚಪ್ಪಡಿಯ ದಪ್ಪದ 24ರಿಂದ 30 ಪಟ್ಟು ಅಂತರಕ್ಕೆ ಒಂದರಂತೆ, ದಪ್ಪದ ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ ಗೀರು ಕೊಯ್ಯಬೇಕು. 150 ಮಿಲಿಮೀಟರ್ ಚಪ್ಪಡಿಗೆ 3.6ರಿಂದ 4.5 ಮೀಟರಿಗೊಂದು, ಆಳ ಸುಮಾರು 40 ಮಿಲಿಮೀಟರ್. ತುಂಡುಗಳು ಆದಷ್ಟೂ ಚೌಕವಾಗಿರಲಿ. ಉದ್ದನೆಯ ಪಟ್ಟಿಯಾಗಿ ಬಿಟ್ಟರೆ ಅದು ತಾನೇ ನಡುವೆ ಸೀಳಿಕೊಳ್ಳುತ್ತದೆ. ಗರಗಸ ಹಾಕುವ ಸಮಯ ಮುಖ್ಯ: ಅಂಚು ಚಕ್ಕೆ ಏಳದಷ್ಟು ಗಟ್ಟಿಯಾದ ಕೂಡಲೇ, ಸಾಮಾನ್ಯವಾಗಿ ಸುರಿದ ದಿನವೇ ಅಥವಾ ಮರುದಿನ ಬೆಳಿಗ್ಗೆ. ನಾಲ್ಕು ದಿನ ಬಿಟ್ಟು ಬಂದರೆ ಬಿರುಕು ಆಗಲೇ ತನ್ನ ದಾರಿ ಹುಡುಕಿಕೊಂಡಿರುತ್ತದೆ.

ಗ್ಯಾರೇಜಿನ ಚಪ್ಪಡಿಗೂ ಹೊರಗಿನ ದಾರಿಗೂ ನಡುವೆ, ಗೋಡೆಗೂ ಚಪ್ಪಡಿಗೂ ನಡುವೆ 12 ಮಿಲಿಮೀಟರ್ ದಪ್ಪದ ಮೆತ್ತನೆಯ ಪಟ್ಟಿ ಇರಲೇಬೇಕು. ಒಳಗಿನದು ನೆರಳಿನಲ್ಲಿ, ಹೊರಗಿನದು ಬಿಸಿಲಿನಲ್ಲಿ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಹೊಂದಿಕೆ ಬೇಕೆಂದು ಎರಡನ್ನೂ ಒಂದೇ ಚಪ್ಪಡಿಯಾಗಿ ಸುರಿಸಿದರೆ ಬಾಗಿಲ ಕೆಳಗೇ ಬಿರುಕು ಬಿಡುತ್ತದೆ.

ನೆಲಕ್ಕೆ ವಾಟ ಕೊಟ್ಟರೆ ಯಂತ್ರಗಳು ಓರೆಯಾಗುವುದಿಲ್ಲವೇ?

ಆಗುತ್ತವೆ. ಆದ್ದರಿಂದ ನೆಲವನ್ನು ಎರಡಾಗಿ ಯೋಚಿಸಿ. ಕಾರು ನಿಲ್ಲುವ ಭಾಗಕ್ಕೆ ಬಾಗಿಲ ಕಡೆಗೆ 80ಕ್ಕೆ 1ರಿಂದ 100ಕ್ಕೆ 1ರಷ್ಟು ವಾಟ, ಅಂದರೆ ಒಂದು ಮೀಟರಿಗೆ 10ರಿಂದ 12 ಮಿಲಿಮೀಟರ್. ಮೇಜು ಮತ್ತು ಯಂತ್ರಗಳ ಭಾಗ ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲುವಷ್ಟು ಸಪಾಟು. ಮೇಸ್ತ್ರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಗೋಡೆಯ ಮೇಲೆ ದಾರಕ್ಕೆ ಬಣ್ಣ ಹಚ್ಚಿ ಗೆರೆ ಹೊಡೆಸಿ ತೋರಿಸಿ.

ನಮ್ಮ ನಿವೇಶನ ರಸ್ತೆಗಿಂತ ತಗ್ಗಿನಲ್ಲಿದೆ. ದಾರಿ ಗ್ಯಾರೇಜಿನ ಕಡೆಗೇ ಇಳಿಯುತ್ತದೆ. ಏನು ಮಾಡಬೇಕು?

ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಕಷ್ಟದ್ದು ಇದು. ಮೊದಲು ಲೆಕ್ಕ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 60 ಚದರ ಮೀಟರಿನ ದಾರಿಯ ಮೇಲೆ ಒಂದು ಜೋರು ಮಳೆ 20 ಮಿಲಿಮೀಟರ್ ಸುರಿದರೆ 1200 ಲೀಟರ್ ನೀರು ನಿಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ಗ್ಯಾರೇಜಿನ ಮಾಡಿನ ನೀರನ್ನೂ ದಾರಿಗೇ ಬಿಟ್ಟಿದ್ದರೆ ಅದೂ ಸೇರಿಕೊಳ್ಳುತ್ತದೆ.

ದಾರಿ ಬಾಗಿಲವರೆಗೂ ಇಳಿಯದಂತೆ, ಕೊನೆಯ ಎರಡು ಮೂರು ಮೀಟರ್ ಗ್ಯಾರೇಜಿನಿಂದ ಹೊರಕ್ಕೆ ವಾಟ ಬರುವಂತೆ ತಿರುಗಿಸಿ. ಎರಡು ಇಳಿಜಾರು ಸೇರುವ ಆ ತಗ್ಗಿನಲ್ಲಿ ದಾರಿಯ ಪೂರ್ತಿ ಅಗಲಕ್ಕೆ ಜಾಲರಿ ಮುಚ್ಚಿದ ಅಡ್ಡ ಚರಂಡಿ ಹಾಕಿ. ಜಾಲರಿ ವಾಹನದ ಭಾರಕ್ಕೆಂದೇ ತಯಾರಾದದ್ದಾಗಿರಬೇಕು. ಆ ಚರಂಡಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅಗೆಯಲು ಬಿಡಬೇಡಿ. ನೀರು ತಾನಾಗಿ ಹರಿದುಹೋಗುವ ತಗ್ಗು ಜಾಗ ನಿವೇಶನದಲ್ಲಿ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಇಂಗುಗುಂಡಿ ಬೇಕು. ಜೇಡಿಮಣ್ಣಿನಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಮೊದಲೇ ಒಂದು ಗುಂಡಿ ತೋಡಿ ನೀರು ತುಂಬಿ ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ. ಮಾಡಿನ ನೀರನ್ನು ದೋಣಿ ಮತ್ತು ಕೊಳವೆಯ ಮೂಲಕ ಬೇರೆಯೇ ಒಯ್ಯಿರಿ. ತೊಟ್ಟಿಗೆ ಬಿಟ್ಟರೆ ಕಾರು ತೊಳೆಯಲು ಆದೀತು.

ಚರಂಡಿಯ ಎಲೆ, ಹೂಳು ತೆಗೆಯದಿದ್ದರೆ ಇಷ್ಟೆಲ್ಲ ಮಾಡಿದ್ದೂ ನೀರುಪಾಲು.

ದಾರಿ ಎಷ್ಟು ಅಗಲ, ಎಷ್ಟು ಕಡಿದಾಗಿರಬಹುದು?

ನೇರ ದಾರಿಗೆ 3 ಮೀಟರ್, ತಿರುವಿನಲ್ಲಿ 3.6 ಅಥವಾ ಹೆಚ್ಚು. ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಗಿನ ದಾರಿ ಹಿಡಿಯುತ್ತವೆ, ಹೂವಿನ ಪಾತಿ ಹಾಳಾಗುವುದು ಅದರಿಂದಲೇ. ಗ್ಯಾರೇಜಿನ ಬಾಗಿಲ ಮುಂದೆ ಕನಿಷ್ಠ 6 ಮೀಟರ್ ನೇರ ಜಾಗ ಇದ್ದರೆ ಕಾರು ಕೊನೆಯ ಕ್ಷಣದಲ್ಲಿ ತಿರುಗಿಸುವ ಕಷ್ಟ ತಪ್ಪುತ್ತದೆ. ಇಳಿಜಾರು 8ಕ್ಕೆ 1ನ್ನು ಮೀರಬಾರದು. ಅಷ್ಟು ಕಡಿದಾಗಿದ್ದರೆ ಆರಂಭದಲ್ಲೂ ಕೊನೆಯಲ್ಲೂ ಎರಡೂವರೆ ಮೀಟರಿನಷ್ಟು ಉದ್ದಕ್ಕೆ ಅದರ ಅರ್ಧ ಇಳಿಜಾರು ಕೊಟ್ಟು ಏರಿಳಿತದ ಬದಲಾವಣೆಯನ್ನು ಮೃದುಗೊಳಿಸಬೇಕು. ಇಲ್ಲದಿದ್ದರೆ ಕಾರಿನ ಮೂಗೋ ಹೊಟ್ಟೆಯೋ ನೆಲಕ್ಕೆ ತಾಗುತ್ತದೆ.

ದಾರಿಗೆ ಯಾವುದು ಒಳ್ಳೆಯದು: ಕಾಂಕ್ರೀಟ್, ಡಾಂಬರು, ಇಂಟರ್‌ಲಾಕ್ ಕಲ್ಲು, ಜಲ್ಲಿ?

ಕಾರ್ಯಾಗಾರದ ಮುಂದಿನ ದಾರಿಯ ಮೇಲೆ ಜಾಕ್ ಉರುಳಬೇಕು, ಯಂತ್ರವನ್ನು ತಳ್ಳಿಕೊಂಡು ಬರಬೇಕು, ಎಣ್ಣೆ ತೊಟ್ಟಿಕ್ಕುತ್ತದೆ. ಈ ದೃಷ್ಟಿಯಿಂದ ನನ್ನ ಆಯ್ಕೆ ಕಾಂಕ್ರೀಟ್ ಅಥವಾ ಇಂಟರ್‌ಲಾಕ್. ಡಾಂಬರಿನ ಮೇಲೆ ಪೆಟ್ರೋಲ್, ಡೀಸೆಲ್ ಬಿದ್ದರೆ ಅದು ಕರಗಿ ಮೆತ್ತಗಾಗುತ್ತದೆ. ಕಡು ಬಿಸಿಲಿನಲ್ಲಿ ಜಾಕಿನ ಕಾಲು ಅದರೊಳಗೆ ಹೂತುಹೋಗುತ್ತದೆ. ಸಡಿಲ ಜಲ್ಲಿ ಅಗ್ಗ, ನೀರನ್ನೂ ಇಂಗಿಸುತ್ತದೆ, ಉದ್ದನೆಯ ದಾರಿಗೆ ಒಳ್ಳೆಯದೇ. ಕೋನಗಳಿರುವ ಒಡೆದ ಜಲ್ಲಿಯನ್ನೇ ಹಾಕಿ, ಗುಂಡಗಿನ ಹೊಳೆಗಲ್ಲು ಚಕ್ರದಡಿ ಓಡುತ್ತದೆ. ಆದರೆ ಬಾಗಿಲ ಮುಂದಿನ ಕೊನೆಯ ಆರು ಮೀಟರಾದರೂ ಗಟ್ಟಿ ನೆಲವಾಗಿರಲಿ.

ಇಂಟರ್‌ಲಾಕ್ ಕಲ್ಲಿನ ದೊಡ್ಡ ಅನುಕೂಲ ರಿಪೇರಿ. ಕೊಳವೆ ಒಡೆದರೆ ಕಲ್ಲು ಎತ್ತಿ, ಸರಿಪಡಿಸಿ, ಮತ್ತೆ ಅದೇ ಕಲ್ಲನ್ನು ಕೂರಿಸಬಹುದು. ವಾಹನಕ್ಕೆ 80 ಮಿಲಿಮೀಟರ್ ದಪ್ಪದವು ಬೇಕು. ಕೆಳಗೆ 30 ಮಿಲಿಮೀಟರಿನಷ್ಟು ಮರಳು ಸಾಕು. ತಳದ ಏರುಪೇರನ್ನು ಮರಳು ಸುರಿದು ಸಮ ಮಾಡುವವರು ಇದ್ದಾರೆ, ಒಂದೇ ವರ್ಷದಲ್ಲಿ ಚಕ್ರದ ಗೆರೆ ತಗ್ಗಾಗುತ್ತದೆ. ಜಡೆ ಹೆಣೆದಂತೆ ಒಂದಕ್ಕೊಂದು ಸಿಕ್ಕಿಸುವ ಹೆರಿಂಗ್‌ಬೋನ್ ಜೋಡಣೆಯನ್ನೇ ಆರಿಸಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಕೊಡುವ ತಿರುಚನ್ನು ಅದು ಎಲ್ಲ ಕಲ್ಲುಗಳಿಗೂ ಹಂಚುತ್ತದೆ. ಎರಡೂ ಅಂಚಿಗೆ ಕಾಂಕ್ರೀಟಿನಲ್ಲಿ ಹೂತ ಅಂಚುಗಲ್ಲು ಇಲ್ಲದಿದ್ದರೆ ಇಡೀ ಹಾಸು ನಿಧಾನವಾಗಿ ಹೊರಕ್ಕೆ ಹರಡಿಕೊಳ್ಳುತ್ತದೆ.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಊರಾದರೆ ಕಾಂಕ್ರೀಟಿನಲ್ಲಿ ಸೂಕ್ಷ್ಮ ಗಾಳಿಗುಳ್ಳೆಗಳನ್ನು ಉಂಟುಮಾಡುವ ಮಿಶ್ರಣ ಕೇಳಿ. ಹಿಗ್ಗುವ ಮಂಜುಗಡ್ಡೆಗೆ ಆ ಗುಳ್ಳೆಗಳು ಜಾಗ ಕೊಡುತ್ತವೆ.

ದಾರಿ ಗ್ಯಾರೇಜಿಗೆ ಹೊಂದಿಕೆಯಾಗಿ ಕಾಣಬೇಕು. ಹೇಗೆ?

ಎಲ್ಲವನ್ನೂ ಒಂದೇ ಬಣ್ಣಕ್ಕೆ ತರಲು ಹೋಗಬೇಡಿ. ಬೇರೆ ಬೇರೆ ದಿನ ಸುರಿದ ಕಾಂಕ್ರೀಟ್ ಒಂದೇ ಬಣ್ಣ ಬರುವುದೇ ಇಲ್ಲ. ಬಿಸಿಲು ಮಳೆಗೆ ಒಡ್ಡಿಕೊಂಡದ್ದು ಇನ್ನೂ ಬೇರೆಯಾಗುತ್ತದೆ. ಒಂದು ವಸ್ತುವನ್ನು ಎರಡೂ ಕಡೆ ತನ್ನಿ, ಅಷ್ಟು ಸಾಕು. ಗ್ಯಾರೇಜಿನ ಕಂಬಕ್ಕೆ ಇಟ್ಟಿಗೆ ಬಳಸಿದ್ದರೆ ದಾರಿಯ ಅಂಚಿಗೆ ಅದೇ ಬಣ್ಣದ, ನೆಲಕ್ಕೆಂದೇ ಸುಟ್ಟ ಗಟ್ಟಿ ಇಟ್ಟಿಗೆಯ ಪಟ್ಟಿ. ಗೋಡೆಯ ಬುಡಕ್ಕೆ ಕಲ್ಲು ಹಾಕಿದ್ದರೆ ಹೊಸ್ತಿಲಿಗೂ ಗೇಟಿನ ಬುಡಕ್ಕೂ ಅದೇ ಕಲ್ಲು. ಎರಡನೆಯದು ಗೆರೆ. ಬಾಗಿಲ ಎರಡು ಬದಿಯ ಕಂಬಗಳಿಂದ ನೇರವಾಗಿ ದಾರಿಯ ಅಂಚು ಹೊರಟರೆ ಕಣ್ಣಿಗೆ ಎರಡೂ ಒಂದೇ ಎನಿಸುತ್ತದೆ. ದಾರಿಯ ಗೀರುಗಳನ್ನೂ ಒಳಗಿನ ನೆಲದ ಗೀರುಗಳ ನೇರಕ್ಕೇ ಕೊಯ್ಯಿಸಿ. ಇದಕ್ಕೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ, ಆದರೆ ಮೊದಲೇ ಹೇಳಿರಬೇಕು.

ಬಣ್ಣದ ಕಾಂಕ್ರೀಟ್ ಬೇಕೆಂದರೆ ಕಬ್ಬಿಣದ ಆಕ್ಸೈಡಿನ ಪುಡಿ ಬಳಸಿ, ಅದು ಬಿಸಿಲಿಗೆ ಮಾಸುವುದಿಲ್ಲ. ಸಿಮೆಂಟಿನ ತೂಕದ ಶೇಕಡಾ 5ರ ಆಸುಪಾಸಿನಲ್ಲಿ ಬಣ್ಣ ಚೆನ್ನಾಗಿ ಕೂರುತ್ತದೆ, 10ನ್ನು ದಾಟಬಾರದು. ಮೊದಲು ಒಂದು ಚಿಕ್ಕ ಹಲಗೆಯಷ್ಟು ಮಾದರಿ ಎರಕ ಹೊಯ್ದು, ಒಣಗಿಸಿ, ಒದ್ದೆ ಮಾಡಿ, ಎರಡು ರೀತಿಯಲ್ಲೂ ನೋಡಿ ತೀರ್ಮಾನಿಸಿ.

ಯಾವ ಬಗೆಯ ಬಾಗಿಲು ಹಾಕಿಸಲಿ?

ರೋಲಿಂಗ್ ಷಟರ್ ಬಾಗಿಲ ಮೇಲೆಯೇ ಸುರುಳಿಯಾಗುತ್ತದೆ, ಚಾವಣಿ ಖಾಲಿ ಉಳಿಯುತ್ತದೆ. ದೀಪ, ಎತ್ತುವ ರಾಟೆ, ಲಿಫ್ಟ್ ಇರುವ ಕಾರ್ಯಾಗಾರಕ್ಕೆ ಇದು ಅನುಕೂಲ. ತುಂಡುತುಂಡಾಗಿ ಮಡಿಚಿ ಚಾವಣಿಯಡಿ ಸರಿಯುವ ಬಾಗಿಲು ಶಾಖ ಮತ್ತು ಸದ್ದನ್ನು ಹೆಚ್ಚು ತಡೆಯುತ್ತದೆ, ಆದರೆ ತೆರೆದಾಗ ನಿಮ್ಮ ದೀಪಗಳನ್ನೆಲ್ಲ ಮುಚ್ಚುತ್ತದೆ. ಅಗಲ 2.7 ಮೀಟರ್ ಇರಲಿ. ಮೋಟಾರು ಹಾಕಿಸಿದರೆ ಅಡ್ಡ ಬಂದದ್ದಕ್ಕೆ ತಾಗಿದ ಕೂಡಲೇ ಹಿಂದಕ್ಕೆ ಸರಿಯುವ ವ್ಯವಸ್ಥೆಯೂ ಕರೆಂಟ್ ಹೋದಾಗ ಕೈಯಿಂದ ತೆರೆಯುವ ಹಿಡಿಯೂ ಇರಬೇಕು. ಬಾಗಿಲಿನ ಸ್ಪ್ರಿಂಗನ್ನು ಮಾತ್ರ ಸ್ವತಃ ಬಿಚ್ಚಬೇಡಿ. ಅದರಲ್ಲಿ ಬಿಗಿದಿಟ್ಟಿರುವ ಬಲ ಕೈ ಮುರಿಯಬಲ್ಲದು. ನಡೆದು ಹೋಗಿಬರಲು ಪಕ್ಕದಲ್ಲಿ ಬೇರೊಂದು ಬಾಗಿಲು ಖಂಡಿತ ಇರಲಿ.

ವಿದ್ಯುತ್ ವ್ಯವಸ್ಥೆ ಹೇಗಿರಬೇಕು?

ಮನೆಯ ಒಂದು ಸಾಕೆಟ್ಟಿನಿಂದ ತಂತಿ ಎಳೆದರೆ ಸಾಲದು. ಗ್ಯಾರೇಜಿಗೇ ಒಂದು ವಿತರಣಾ ಪೆಟ್ಟಿಗೆ ಬೇಕು. ದೀಪಗಳಿಗೆ ಒಂದು ಸರ್ಕ್ಯೂಟ್, ಯಂತ್ರಗಳಿಗೆ ಬೇರೆ. ಗರಗಸ ಸಿಕ್ಕಿಕೊಂಡು ಟ್ರಿಪ್ ಆದಾಗ ದೀಪವೂ ಆರಿ, ಇನ್ನೂ ತಿರುಗುತ್ತಿರುವ ಅಲಗಿನ ಮುಂದೆ ಕತ್ತಲಲ್ಲಿ ನಿಲ್ಲುವುದು ಎಷ್ಟು ಅಪಾಯವೆಂದು ಯೋಚಿಸಿ. ಸಾಕೆಟ್ಟುಗಳಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚಿನ ರಕ್ಷಣೆ ಇರಬೇಕು. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಆದ್ದರಿಂದ ಯಂತ್ರಗಳ ಸರ್ಕ್ಯೂಟಿಗೆ ಅದನ್ನು ತಾಳುವ ಸಿ ಮಾದರಿಯ ಎಂಸಿಬಿ (ಕರೆಂಟ್ ಮಿತಿಮೀರಿದಾಗ ಟ್ರಿಪ್ ಆಗುವ ಸ್ವಿಚ್ಚು) ಬೇಕಾಗುತ್ತದೆ. ಸಾಕೆಟ್ಟುಗಳನ್ನು ಮೇಜಿನ ಮಟ್ಟಕ್ಕಿಂತ ಮೇಲೆ ಇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಕಿಡಿ ಹಾರುವ ಯಾವುದೂ ನೆಲದಿಂದ 450 ಮಿಲಿಮೀಟರಿನೊಳಗೆ ಬೇಡ.

ವಿದ್ಯುತ್ ಕಾರು ಇಂದು ಇಲ್ಲದಿದ್ದರೂ ನಾಳೆ ಬರಬಹುದು. 230 ವೋಲ್ಟಿನಲ್ಲಿ 32 ಆಂಪಿಯರ್ ಎಳೆಯುವ ಚಾರ್ಜರ್ ಎಂದರೆ ಸುಮಾರು 7.4 ಕಿಲೋವ್ಯಾಟ್. ಅದರ ಕೇಬಲ್ ಹೋಗುವ ಕೊಳವೆಯನ್ನಾದರೂ ಈಗಲೇ ಹೂಳಿ. ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ಬೆಳಕು?

ಸಾಲುಸಾಲಾಗಿ ಉದ್ದನೆಯ ಎಲ್‌ಇಡಿ ದೀಪಗಳು, ಮೇಜಿನ ಮೇಲೆ ಕನಿಷ್ಠ 500 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ), ಸೂಕ್ಷ್ಮ ಕೆಲಸಕ್ಕೆ ಹತ್ತಿರದಲ್ಲೊಂದು ಹೆಚ್ಚುವರಿ ದೀಪ. ದೀಪ ನಿಮ್ಮ ಬೆನ್ನ ಹಿಂದಿರದೆ ಮೇಜಿನ ಮುಂದಿನ ಅಂಚಿನ ನೇರಕ್ಕೆ ಮೇಲಿರಲಿ, ಇಲ್ಲದಿದ್ದರೆ ನಿಮ್ಮ ನೆರಳೇ ಕೆಲಸದ ಮೇಲೆ ಬೀಳುತ್ತದೆ. ಮಿನುಗುವ ಅಗ್ಗದ ದೀಪ, ಹಳೆಯ ಚೋಕಿನ ಟ್ಯೂಬ್‌ಲೈಟ್ ಬೇಡವೇ ಬೇಡ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅವು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ದವಡೆಯ ಲೇತ್ ಚಕ್ (ಕಡೆಯುವ ಯಂತ್ರದಲ್ಲಿ ವಸ್ತುವನ್ನು ಕಚ್ಚಿ ಹಿಡಿದು ತಿರುಗುವ ಭಾಗ) ಆ ಬೆಳಕಿನಲ್ಲಿ ನಿಂತೇ ಇದೆಯೆಂಬಂತೆ ಕಾಣಬಹುದು. ಗೋಡೆ ಮತ್ತು ಚಾವಣಿಗೆ ಬಿಳಿ ಬಣ್ಣ ಹಚ್ಚಿದರೆ ಅದೇ ದೀಪ ಇನ್ನಷ್ಟು ಬೆಳಕು ಕೊಡುತ್ತದೆ.

ಯಂತ್ರಗಳನ್ನು ಎಲ್ಲಿ ಇಡಬೇಕು?

ಪ್ಲೈವುಡ್ಡಿನ ಪೂರ್ಣ ಹಾಳೆ 2440 ಮಿಲಿಮೀಟರ್ ಉದ್ದ. ಟೇಬಲ್ ಗರಗಸದ ಮುಂದೆಯೂ ಹಿಂದೆಯೂ ಅಷ್ಟೇ ಉದ್ದ ಖಾಲಿ ಬೇಕು. ಚಿಕ್ಕ ಗ್ಯಾರೇಜಿನಲ್ಲಿ ಅದು ಸಾಧ್ಯವಾಗುವುದು ಕಾರನ್ನು ಹೊರಗೆ ನಿಲ್ಲಿಸಿ, ಗರಗಸವನ್ನು ಬಾಗಿಲ ನೇರಕ್ಕೆ ತಂದಾಗ. ಹಲಗೆಯ ತುದಿ ಹೊರಗಿನ ದಾರಿಯ ಮೇಲೆ ಚಾಚುತ್ತದೆ. ಆದ್ದರಿಂದಲೇ ಬಾಗಿಲ ಮುಂದಿನ ದಾರಿಯ ಭಾಗವನ್ನೂ ನಾನು ಕಾರ್ಯಾಗಾರದ ಭಾಗವೆಂದೇ ಎಣಿಸುತ್ತೇನೆ. ಭಾರದ ಯಂತ್ರಗಳಿಗೆ ಬಿಗಿಯಬಹುದಾದ ಗಾಲಿಗಳನ್ನು ಹಾಕಿಸಿ, ಬಳಸದಾಗ ಗೋಡೆಗೆ ತಳ್ಳಿ. ಮೇಜಿನ ಎತ್ತರ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವಷ್ಟು ಇರಲಿ. ಕೀಸುಳಿ ಹಿಡಿಯುವವರಿಗೆ ತುಸು ತಗ್ಗು, ಸಣ್ಣ ಬಿಡಿಭಾಗ ಬಿಚ್ಚುವವರಿಗೆ ತುಸು ಎತ್ತರ ಹಿತ. ಕಂಪ್ರೆಸರನ್ನು ಹೊರಗೋಡೆಗೆ ತಾಗಿದ ಗಾಳಿಯಾಡುವ ಪುಟ್ಟ ಗೂಡಿನಲ್ಲಿಟ್ಟರೆ ಕಿವಿ ಉಳಿಯುತ್ತದೆ, ನೆರೆಹೊರೆಯೂ ಉಳಿಯುತ್ತದೆ.

ಮರಗೆಲಸವನ್ನೂ ವೆಲ್ಡಿಂಗನ್ನೂ ಒಂದೇ ಜಾಗದಲ್ಲಿ ಮಾಡಬಹುದೇ?

ಒಂದೇ ದಿನ ಬೇಡ. ವೆಲ್ಡಿಂಗ್ ಕಿಡಿ ಮೂಲೆಯ ಹೊಟ್ಟಿನಲ್ಲಿ ಬಿದ್ದು ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಿ, ನೀವು ಬಾಗಿಲು ಹಾಕಿ ಮಲಗಿದ ಮೇಲೆ ಹೊತ್ತಿಕೊಳ್ಳಬಹುದು. ಸಾಧ್ಯವಾದರೆ ವೆಲ್ಡಿಂಗನ್ನು ಹೊರಗಿನ ಕಾಂಕ್ರೀಟ್ ದಾರಿಯ ಮೇಲೆ ಮಾಡಿ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಧೂಳನ್ನು ಹುಟ್ಟುವಲ್ಲೇ ಹೀರುವ ಯಂತ್ರ, ಅದರ ಜೊತೆಗೆ ಮುಖಗವಸು, ಎರಡೂ ಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕದಲ್ಲಿರಲಿ. ಒಳಮೂಲೆಯಲ್ಲಿದ್ದರೆ ಅದನ್ನು ತರಲು ಬೆಂಕಿಯನ್ನೇ ದಾಟಬೇಕಾದೀತು.

ಮನೆಗೆ ಅಂಟಿಸಿ ಕಟ್ಟಿದರೆ ಹೊಗೆಯ ಅಪಾಯ ಎಷ್ಟು?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡ ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಓಡಿಸುತ್ತಾ ಬಿಡಬಾರದು. ಕಾರನ್ನು ಹೊರಗೆ ತಂದು ಪರೀಕ್ಷಿಸಿ. ಮನೆಯ ಕಡೆಯ ಗೋಡೆಯಲ್ಲಿ ಸಂದು ಇರಬಾರದು, ಕೊಳವೆ ತೂರುವ ತೂತುಗಳನ್ನೂ ಮುಚ್ಚಬೇಕು. ನಡುವಿನ ಬಾಗಿಲು ಬೆಂಕಿಯನ್ನು ಅರ್ಧ ಗಂಟೆ ತಡೆಯುವ, ತಾನಾಗಿ ಮುಚ್ಚಿಕೊಳ್ಳುವ ಬಗೆಯದಾಗಿರಲಿ. ಅದು ಮಲಗುವ ಕೋಣೆಗೆ ತೆರೆಯಬಾರದು. ಮನೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಹಾಕಿಸಿ.

ಕಾರಿನ ಕೆಳಗೆ ಇಳಿದು ಕೆಲಸ ಮಾಡಲು ಗುಂಡಿ ತೋಡಿಸಲೇ?

ನನ್ನ ಸಲಹೆ ಬೇಡ ಎಂದೇ. ಭಾರದ ಆವಿ ಗುಂಡಿಯಲ್ಲೇ ಸೇರುತ್ತದೆ, ಅಂತರ್ಜಲ ಮೇಲಿದ್ದರೆ ನೀರು ಜಿನುಗುತ್ತದೆ, ಕಾರಿಲ್ಲದಾಗ ಅದು ಬೀಳುವ ಹಳ್ಳ. ಒಳ್ಳೆಯ ಜಾಕ್ ಮತ್ತು ಸ್ಟ್ಯಾಂಡುಗಳು ಸಾಕು. ಬರೀ ಜಾಕಿನ ಆಸರೆಯಲ್ಲಿರುವ ಕಾರಿನ ಕೆಳಗೆ ಎಂದೂ ನುಸುಳಬೇಡಿ.

ನೆಲಕ್ಕೆ ಎಪಾಕ್ಸಿ ಹಚ್ಚಿಸಬೇಕೇ?

ಎಪಾಕ್ಸಿ ಎಂದರೆ ಗಟ್ಟಿಯಾಗಿ ಹಿಡಿಯುವ ರಾಳದ ಲೇಪ. ಹಚ್ಚಿಸಿದರೆ ಎಣ್ಣೆ ಒರೆಸುವುದು ಸುಲಭ, ಬೆಳಕೂ ಹೆಚ್ಚುತ್ತದೆ. ಆದರೆ 28 ದಿನ ಕಾದು, ತೇವ ಪರೀಕ್ಷಿಸಿಯೇ ಹಚ್ಚಿಸಿ. ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಲೇಪ ಕಿತ್ತುಬರಲು ತೇವದಂತೆಯೇ ಇನ್ನೊಂದು ಕಾರಣ ಕಾಂಕ್ರೀಟಿನ ನುಣುಪು. ಯಂತ್ರದಿಂದ ಉಜ್ಜಿ ಒರಟು ಮಾಡಿದರೆ ಮಾತ್ರ ಎಪಾಕ್ಸಿ ಹಿಡಿಯುತ್ತದೆ. ಬಿಸಿಲು ಬೀಳುವ ಬಾಗಿಲ ಬಳಿ ಅದು ಹಳದಿಯಾಗುತ್ತದೆ, ಹೊರಗಿನ ದಾರಿಗಂತೂ ಬೇಡವೇ ಬೇಡ. ಮೇಲೆ ಸ್ವಲ್ಪ ಮರಳು ಉದುರಿಸಿ ಒರಟು ಬಿಡಿ, ಒದ್ದೆಯಾದಾಗ ಜಾರುವುದಿಲ್ಲ.

ಪರವಾನಗಿ ಬೇಕೇ?

ಹೆಚ್ಚಿನ ಊರುಗಳಲ್ಲಿ ಬೇಕು. ಗಡಿಯಿಂದ ಎಷ್ಟು ದೂರ ಬಿಡಬೇಕು, ರಸ್ತೆಯ ಅಂಚನ್ನು ಒಡೆಯಬಹುದೇ, ಮಳೆನೀರನ್ನು ಎಲ್ಲಿಗೆ ಬಿಡಬೇಕು ಎಂಬ ನಿಯಮ ಒಂದೊಂದು ಕಡೆ ಒಂದೊಂದು. ಸ್ಥಳೀಯ ಆಡಳಿತದಲ್ಲಿ ವಿಚಾರಿಸಿ, ಲಿಖಿತ ಉತ್ತರ ಪಡೆಯಿರಿ.

ಹಣ ಸಾಲದಿದ್ದರೆ ಯಾವುದನ್ನು ಮುಂದಕ್ಕೆ ಹಾಕಬಹುದು?

ಎಪಾಕ್ಸಿ, ಮೋಟಾರು ಬಾಗಿಲು, ಬೀರುಗಳು, ದಾರಿಯ ಮೇಲ್ಮೈ, ಇವೆಲ್ಲ ಕಾಯಬಲ್ಲವು. ಚೆನ್ನಾಗಿ ದಮ್ಮಸ್ಸು ಮಾಡಿದ ಜಲ್ಲಿಯ ತಳದ ಮೇಲೆಯೇ ಒಂದೆರಡು ವರ್ಷ ಕಾರು ಓಡಿಸಬಹುದು. ನೆಲದಡಿಯ ಹಾಳೆ, ಜಾಲರಿ, ಕಾಂಕ್ರೀಟಿನ ದಪ್ಪ, ಗೋಡೆಯ ಎತ್ತರ, ಚರಂಡಿ, ಇವು ಕಾಯಲಾರವು. ಅವುಗಳ ಜೊತೆ ಇನ್ನೊಂದು ಚಿಕ್ಕ ಕೆಲಸ ಸೇರಿಸಿಕೊಳ್ಳಿ: ಕಾಂಕ್ರೀಟ್ ಸುರಿಯುವ ಮೊದಲು ದಾರಿಯ ಅಡಿಯಲ್ಲಿ ಅಡ್ಡಲಾಗಿ ಎರಡು ಖಾಲಿ ಕೊಳವೆ ಹೂಳಿಸಿ, ಒಳಗೊಂದು ನೈಲಾನ್ ಹುರಿ ತೂರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಅವು ಎಲ್ಲಿವೆಯೆಂದು ಗೋಡೆಯ ಮೇಲೆ ಗುರುತು ಮಾಡಿ. ಗೇಟಿಗೆ ದೀಪ, ತೋಟಕ್ಕೆ ನೀರು, ಕಾರಿಗೆ ಚಾರ್ಜರ್, ಯಾವಾಗ ಯಾವುದು ಬೇಕಾದರೂ ಆ ಹುರಿ ಹಿಡಿದು ಎಳೆದರಾಯಿತು.